ಮೇಜಿನ ಮೇಲಿಟ್ಟ ಅರ್ಜಿ

ಲಂಡನ್ನಿನಿಂದ ಬಂದ ವರ್ತಮಾನದಲ್ಲಿ ಇಂಥ ಠರಾವನ್ನು ಪಾರ್ಲಿಮೆಂಟಿನಲ್ಲಿ 'ಟೇಬಲ್' ಮಾಡಿದರೆಂದು ಇದ್ದರೆ, ಆ ಠರಾವು ಸಭೆಯ ವಿಚಾರಣೆಗೆ ಬಂದಿತೆಂದು ವಾಚಕರು ತಿಳಿಯಬೇಕು. ವಾಷಿಂಗ್ಟನ್ನಿನಿಂದ ಬಂದ ವರ್ತಮಾನದಲ್ಲಿ ಅದೇ ಮಾತು ಅದೇ ಅಕ್ಷರಗಳಲ್ಲಿ ಇದ್ದರೆ, ಆ ಠರಾವಿನ ಕಥೆಯು ಅಲ್ಲಿಗೆ ಮುಗಿಯಿತೆಂದು ತಿಳಿಯಬೇಕು. ಒಂದೇ ಭಾಷೆಯ ಒಂದೇ ಪದವು ಅಟ್ಲಾಂಟಿಕ್ ಸಮುದ್ರದ ಒಂದು ದಡದಲ್ಲಿ ಎತ್ತಿಕೊಳ್ಳುವುದೆಂದೂ, ಇನ್ನೊಂದು ದಡದಲ್ಲಿ ಎತ್ತಿಡುವುದೆಂದೂ ಅರ್ಥವನ್ನು ಕೊಡುತ್ತಿರುವುದು ವಿಚಿತ್ರವೇ ಸರಿ. ಪತ್ರಿಕಾಲಯದಲ್ಲಿ ಕುಳಿತು ಇಂಗ್ಲಿಷ್ ಸುದ್ದಿಗಳನ್ನು ಕನ್ನಡಿಸುವವರಿಗೆ ಈ ಪದವೊಂದು ಮುಳ್ಳು. ವರ್ತಮಾನವು ಯಾವ ಊರಿನಿಂದ ಹೊರಟಿತೆಂಬುದನ್ನು ಮೊದಲು ನೋಡಿಕೊಳ್ಳದೆ ಲೇಖನಿಯನ್ನು ಎತ್ತುವಂತೆಯೇ ಇಲ್ಲ.

ಇದು ನಿಘಂಟುಕಾರರ ವಿನೋದವಷ್ಟೇ ಆಗಿದ್ದರೆ ಈ ಪುಟದಲ್ಲಿ ಅದಕ್ಕೆ ಇಷ್ಟು ಸ್ಥಳವನ್ನು ಕೊಡಬೇಕಾದ ಕಾರಣವಿರಲಿಲ್ಲ. ಆದರೆ 'ಮೇಜಿನ ಮೇಲಿಡುವುದು' ಎಂಬ ನಿರುಪದ್ರವಿಯಾದ ಮಾತು ಮುಂದೂಡುವುದಕ್ಕೂ, ಮುಂದೂಡುತ್ತಲೇ ಕೊಲ್ಲುವುದಕ್ಕೂ ಪರ್ಯಾಯವಾದ ಬಗೆಯಲ್ಲಿ ಒಂದು ದೊಡ್ಡ ಹೋರಾಟದ ಚರಿತ್ರೆಯು ಅಡಗಿದೆ. ಆ ಹೋರಾಟವು ಎಂಟು ವರ್ಷಗಳಿಗೂ ಮೀರಿ ನಡೆಯಿತು. ಅದರ ನಡುವೆ ನಿಂತವನು ಒಬ್ಬ ಮುದುಕನು, ಒಂದು ಕಾಲದಲ್ಲಿ ತನ್ನ ದೇಶದ ಅಧ್ಯಕ್ಷನಾಗಿದ್ದವನು.

ಮೊದಲು ಮೇಜಿನ ವಿಚಾರ. ಇದು ಅಲಂಕಾರದ ಮೇಜಲ್ಲ, ಮರದ ಮೇಜೇ. ಇಂಗ್ಲೆಂಡಿನ ಕಾಮನ್ಸ್ ಸಭೆಯಲ್ಲಿ ಸ್ಪೀಕರರ ಪೀಠದ ಮುಂದೆ, ಎರಡು ಪಕ್ಷಗಳ ಸಾಲುಗಳ ನಡುವೆ, ಉದ್ದವಾದ ಒಂದು ಮೇಜು ಇದೆ. ಅದರ ತಲೆಯ ಕಡೆಯಲ್ಲಿ ಸಭೆಯ ಗುಮಾಸ್ತರು ಕುಳಿತುಕೊಳ್ಳುತ್ತಾರೆ. ಸ್ಪೀಕರರು ಪೀಠದಲ್ಲಿರುವವರೆಗೆ ರಾಜದಂಡವು ಮೇಜಿನ ಮೇಲಿರುತ್ತದೆ. ಸಭೆಯು ಸಮಿತಿಯಾಗಿ ಕುಳಿತಾಗ ಅದನ್ನು ಮೇಜಿನ ಕೆಳಗಿನ ಗೂಟಗಳ ಮೇಲಿಡುತ್ತಾರೆ. ಮಂತ್ರಿಯೂ ಪ್ರತಿಪಕ್ಷದ ನಾಯಕನೂ ಕೈಯೂರಿ ಮಾತನಾಡುವ ಎರಡು ಪೆಟ್ಟಿಗೆಗಳು ಅದರ ಮೇಲಿವೆ. 1941ನೆಯ ಇಸವಿ ಮೇ 10ನೆಯ ತಾರೀಖಿನ ರಾತ್ರಿ ಜರ್ಮನರ ಬಾಂಬುಗಳಿಂದ ಆ ಸಭಾಂಗಣವು ಸುಟ್ಟು ನೆಲಸಮವಾಯಿತು. ಮತ್ತೆ ಕಟ್ಟಿ 1950ರ ಅಕ್ಟೋಬರಿನಲ್ಲಿ ತೆರೆದಾಗ ಕಾಮನ್‌ವೆಲ್ತಿನ ದೇಶಗಳು ಉಡುಗೊರೆಗಳನ್ನು ಕಳುಹಿಸಿದುವು. ಮೇಜು ಕೆನಡಾದ್ದು, ಸ್ಪೀಕರರ ಪೀಠವು ಆಸ್ಟ್ರೇಲಿಯಾದ್ದು, ಪೆಟ್ಟಿಗೆಗಳು ನ್ಯೂಜಿಲೆಂಡಿನವು. ಇಂಡಿಯಾ ಮತ್ತು ಪಾಕಿಸ್ತಾನಗಳ ಪಾಲಿಗೆ ಬಾಗಿಲುಗಳು ಬಂದುವು. ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದಕ್ಕೆ ಹೆಚ್ಚು ತವಕಪಟ್ಟಿದ್ದ ಎರಡು ರಾಷ್ಟ್ರಗಳು ಬಾಗಿಲನ್ನೇ ಕೊಟ್ಟದ್ದು ಉಚಿತವಾಗಿದೆ.

ಸಭೆಯೆಂಬುದಕ್ಕೆ ಕೈಗಳಿಲ್ಲ. ನೂರಾರು ಜನ ಸದಸ್ಯರು ಕೂಡಿ ಒಂದು ಕಾಗದವನ್ನು ಕೈನೀಡಿ ತೆಗೆದುಕೊಳ್ಳುವುದು ಹೇಗೆ? ಆದುದರಿಂದ ಮೇಜೇ ಸಭೆಯ ಕೈಯಾಯಿತು. ಸದಸ್ಯನ ಜೇಬಿನಲ್ಲಿರುವವರೆಗೆ ಅರ್ಜಿಯು ಅವನ ಸ್ವಂತ ಕಾಗದ. ಮೇಜನ್ನು ಮುಟ್ಟಿದ ಕ್ಷಣದಿಂದ ಅದು ಸಭೆಯ ವಶವಾಯಿತು, ದಾಖಲೆಯಾಯಿತು, ಯಾವ ಸದಸ್ಯನಾದರೂ ಹೋಗಿ ಓದಬಹುದಾದದ್ದಾಯಿತು. ಇಂಗ್ಲೆಂಡಿನಲ್ಲಿ ಇಂದಿಗೂ ಆ ಪದಕ್ಕೆ ಮಂಡಿಸುವುದೆಂಬ ಅರ್ಥವಿರುವುದು ಇದರಿಂದಲೇ.

ಆದರೆ ವಶವಾದ ಕಾಗದಕ್ಕೆ ಮುಂದೇನಾಗಬೇಕು? ಅದನ್ನು ಒಂದು ಸಮಿತಿಗೆ ಒಪ್ಪಿಸಬಹುದು. ಇಂಥ ದಿನ ವಿಚಾರಿಸುವೆವೆಂದು ದಿನವನ್ನು ಗೊತ್ತುಮಾಡಬಹುದು. ಇವೆರಡನ್ನೂ ಮಾಡದೆ, 'ಮೇಜಿನ ಮೇಲೆ ಇರಲಿ' ಎಂದು ಆಜ್ಞೆಮಾಡಬಹುದು. ಕಾಮನ್ಸ್ ಸಭೆಯ ಹಳೆಯ ದಿನಚರಿಗಳಲ್ಲಿ ಈ ಮೂರನೆಯ ಬಗೆಯ ಆಜ್ಞೆಯು ಮತ್ತೆ ಮತ್ತೆ ಕಾಣುತ್ತದೆ. ಕಾಗದವನ್ನು ಸ್ವೀಕರಿಸಿದ್ದೇವೆಂಬ ಮರ್ಯಾದೆಯೂ ಅದರಲ್ಲಿದೆ, ಸದ್ಯಕ್ಕೆ ಏನನ್ನೂ ಮಾಡುವುದಿಲ್ಲವೆಂಬ ಸೂಚನೆಯೂ ಇದೆ. ಕಛೇರಿಗಳ ಪರಿಚಯವುಳ್ಳ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀಜದಲ್ಲಿ ಎರಡು ಅರ್ಥಗಳೂ ಇದ್ದುವು. ಇಂಗ್ಲೆಂಡು ಮೊದಲನೆಯದನ್ನು ಬೆಳೆಸಿತು, ಅಮೆರಿಕಾ ಎರಡನೆಯದನ್ನು.

ಹಾಗೆಂದು ಮುಂದೂಡುವ ವಿದ್ಯೆಯಲ್ಲಿ ಇಂಗ್ಲಿಷರು ಹಿಂದುಳಿದರೆಂದು ಯಾರೂ ಭಾವಿಸಬೇಕಾಗಿಲ್ಲ. ಒಂದು ಮಸೂದೆಯನ್ನು ಕೊಲ್ಲಬೇಕಾದರೆ 'ಇದು ಬೇಡ' ಎನ್ನುವುದು ಅವರ ಪದ್ಧತಿಯಾಗಿರಲಿಲ್ಲ. 'ಇಂದಿಗೆ ಆರು ತಿಂಗಳಾದ ದಿನ ಎರಡನೆಯ ಬಾರಿ ಓದೋಣ' ಎಂದು ತಿದ್ದುಪಡಿಯನ್ನು ತರುವರು. ಆರು ತಿಂಗಳಾಗುವ ಹೊತ್ತಿಗೆ ಅಧಿವೇಶನವೇ ಮುಗಿದಿರುವುದೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. 1792ರ ಏಪ್ರಿಲ್ 2ರಂದು ವಿಲ್ಬರ್‌ಫೋರ್ಸನು ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕೆಂದು ಠರಾವನ್ನು ತಂದಾಗ, ಹೆನ್ರಿ ಡಂಡಾಸನು ಅದನ್ನು ವಿರೋಧಿಸಲಿಲ್ಲ. 'ಕ್ರಮೇಣ' ಎಂಬ ಒಂದೇ ಪದವನ್ನು ಅದರೊಳಗೆ ಸೇರಿಸಿದನು. ತಿದ್ದಿದ ಠರಾವು 230ಕ್ಕೆ 85 ಮತಗಳಿಂದ ಗೆದ್ದಿತು. 1796ರ ಜನವರಿ 1ನೆಯ ತಾರೀಖೆಂದು ಗಡುವನ್ನೂ ಆಮೇಲೆ ಕಾಮನ್ಸ್ ಸಭೆಯು ಹಾಕಿತು. ಲಾರ್ಡ್ಸ್ ಸಭೆಯು ಸಾಕ್ಷ್ಯಗಳನ್ನು ಕೇಳುತ್ತೇವೆಂದು ಕುಳಿತಿತು. ವ್ಯಾಪಾರವು ಕಾನೂನಿನಿಂದ ನಿಂತದ್ದು 1807ರಲ್ಲಿ. ಆ ಹದಿನೈದು ವರ್ಷಗಳಲ್ಲಿ ಹಡಗುಗಳ ತಳದಲ್ಲಿ ಕಟ್ಟಿಹಾಕಿ ಸಾಗಿಸಿದ ಜನರಿಗೆ 'ಕ್ರಮೇಣ' ಎಂಬ ಪದದ ಅರ್ಥವನ್ನು ಯಾವ ನಿಘಂಟೂ ಹೇಳಲಾರದು.

ಇಂಗ್ಲೆಂಡಿನ ಸಭಾಪದ್ಧತಿಯನ್ನೇ ಅಮೆರಿಕಾದ ವಸಾಹತುಗಳು ಕಲಿತವು. ಬೇರೆಯಾದ ಮೇಲೂ ಅದನ್ನೇ ಇಟ್ಟುಕೊಂಡುವು. ಉಪಾಧ್ಯಕ್ಷನಾಗಿ 1797ರಿಂದ 1801ರವರೆಗೆ ಸೆನೆಟ್ ಸಭೆಯಲ್ಲಿ ಅಧ್ಯಕ್ಷತೆಯನ್ನು ವಹಿಸಿದ್ದ ಥಾಮಸ್ ಜೆಫರ್‌ಸನ್ನನು ತನ್ನ ಉಪಯೋಗಕ್ಕಾಗಿ ಇಂಗ್ಲಿಷ್ ಗ್ರಂಥಗಳಿಂದ ಒಂದು ಕೈಪಿಡಿಯನ್ನು ಸಂಗ್ರಹಿಸಿದನು. ಅದು 1801ರಲ್ಲಿ ಅಚ್ಚಾಯಿತು. ಮೇಜಿನ ವಿಚಾರವಾಗಿ ಅವನು ಹೇಳುವುದರ ತಾತ್ಪರ್ಯವಿಷ್ಟೆ: ಸಭೆಗೆ ಬೇರೆ ಅವಸರದ ಕೆಲಸವಿದ್ದು, ಮುಂದಿರುವ ವಿಷಯವನ್ನು ಬಿಡಲೂ ಮನಸ್ಸಿಲ್ಲದಿದ್ದರೆ, ಅದು ಮೇಜಿನ ಮೇಲಿರಲೆಂದು ಆಜ್ಞೆಮಾಡಬಹುದು, ಬೇಕಾದಾಗ ಎತ್ತಿಕೊಳ್ಳಬಹುದು. ಊಟದ ನಡುವೆ ಯಾರೋ ಕರೆದರೆ ಎಲೆಯ ಮುಂದಿನಿಂದ ಎದ್ದುಹೋಗಿ ಮತ್ತೆ ಬಂದು ಕುಳಿತುಕೊಳ್ಳುವ ಹಾಗೆ. ಎಲೆಯನ್ನು ಎತ್ತಿ ಎಸೆಯುವ ಮಾತು ಅದರಲ್ಲಿಲ್ಲ.

ಮೋಸವು ಒಳಹೊಕ್ಕದ್ದು ಎಲ್ಲಿಂದ? ಈ ಸೂಚನೆಯು ಕೇವಲ ಕೆಲಸಗಳ ಸರದಿಯನ್ನು ಹಿಂದುಮುಂದು ಮಾಡುವುದಾದುದರಿಂದ, ಅದರ ಮೇಲೆ ವಾದವನ್ನು ಬೆಳೆಸಿದರೆ ಅದರ ಉದ್ದೇಶವೇ ಕೆಡುತ್ತದೆಂದು, ಅದಕ್ಕೆ ಚರ್ಚೆ ಕೂಡದೆಂಬ ನಿಯಮವು ಬಂದಿತು. ಸೂಚಿಸಿದ ಕೂಡಲೇ ಮತಕ್ಕೆ ಹಾಕಬೇಕು, ಬಹುಮತವಿದ್ದರೆ ಸಾಕು. ನಿಯಮವು ನ್ಯಾಯವಾದದ್ದೇ. ಆದರೆ ಬಹುಮತವುಳ್ಳವರಿಗೆ ಒಂದು ಸಂಗತಿಯು ಬೇಗ ಹೊಳೆಯಿತು. ಠರಾವನ್ನು ಸೋಲಿಸಬೇಕಾದರೆ ಎದುರಾಳಿಯ ಭಾಷಣವನ್ನು ಕೇಳಬೇಕು, ಉತ್ತರವನ್ನು ಕೊಡಬೇಕು, ಊರಿನ ಮತದಾರರಿಗೆ ಲೆಕ್ಕವನ್ನು ಒಪ್ಪಿಸಬೇಕು. ಮೇಜಿನ ಮೇಲಿಟ್ಟು ಮತ್ತೆ ಎತ್ತಿಕೊಳ್ಳದಿದ್ದರೆ ಈ ಯಾವ ತೊಂದರೆಯೂ ಇಲ್ಲ. ತಾತ್ಕಾಲಿಕವೆಂಬ ಕಾರಣದಿಂದ ದೊರೆತ ಸೌಲಭ್ಯವನ್ನು ಶಾಶ್ವತವಾದ ಕೆಲಸಕ್ಕೆ ಉಪಯೋಗಿಸಿದರು.

ಇಲ್ಲಿ ನಮ್ಮ ಭಾಷೆಯ ಮಾತೊಂದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ವಸ್ತುವಿನ ಹೆಸರು ವ್ಯವಹಾರಕ್ಕೆ ಅಂಟಿಕೊಳ್ಳುವುದು ನಮ್ಮಲ್ಲಿಯೂ ಉಂಟು. ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದ ಮಡಿಕೆಯ ಬಟ್ಟೆಯಾಗಿದ್ದ 'ಕಡತ'ವು ಈಗ ಸರ್ಕಾರದ ಕಾಗದದ ಕಟ್ಟಿಗೆ ಹೆಸರಾಗಿದೆ. ಆದರೆ ತೀರ್ಮಾನವಾಗದೆ ಉಳಿದ ಕೆಲಸವನ್ನು ಕುರಿತು ನಾವು ಹೇಳುವ ಮಾತು ಬೇರೆ ಬಗೆಯದು. ಅದು 'ನೆನೆಗುದಿಗೆ ಬಿತ್ತು' ಎನ್ನುತ್ತೇವೆ. ನೆನೆದು ನೆನೆದು ಕುದಿಯುವುದು ನೆನೆಗುದಿ. ಇಂಗ್ಲಿಷಿನ ಮಾತು ಕಾಗದವೆಲ್ಲಿದೆಯೆಂಬುದನ್ನು ಹೇಳುತ್ತದೆ. ನಮ್ಮ ಮಾತು ಆ ಕಾಗದವನ್ನು ಬರೆದುಕೊಟ್ಟು ಮನೆಯಲ್ಲಿ ಕುಳಿತವನ ಅವಸ್ಥೆಯನ್ನು ಹೇಳುತ್ತದೆ. ಮುಂದೆ ಹೇಳಲಿರುವ ಚರಿತ್ರೆಗೆ ನಮ್ಮ ಮಾತೇ ಹೆಚ್ಚು ಒಪ್ಪುವುದೆಂದು ನಮ್ಮ ಅಭಿಪ್ರಾಯ.

ಅಮೆರಿಕಾದ ರಾಜ್ಯಾಂಗದ ಮೊದಲನೆಯ ತಿದ್ದುಪಡಿಯು 1791ರಲ್ಲಿ ಜಾರಿಗೆ ಬಂದಿತು. ಕುಂದುಕೊರತೆಗಳ ನಿವಾರಣೆಗಾಗಿ ಸರ್ಕಾರಕ್ಕೆ ಅರ್ಜಿಯನ್ನು ಸಲ್ಲಿಸುವ ಪ್ರಜೆಯ ಹಕ್ಕನ್ನು ಕಾಂಗ್ರೆಸ್ಸು ಮೊಟಕುಮಾಡಕೂಡದೆಂದು ಅದರಲ್ಲಿದೆ. ಆ ದೇಶದ ದಕ್ಷಿಣದ ಸಂಸ್ಥಾನಗಳಲ್ಲಿ ಗುಲಾಮಗಿರಿಯು ನಡೆಯುತ್ತಿತ್ತು. ಸಂಸ್ಥಾನಗಳ ಒಳಗಿನ ಈ ವ್ಯವಹಾರದಲ್ಲಿ ಕಾಂಗ್ರೆಸ್ಸಿಗೆ ಅಧಿಕಾರವಿಲ್ಲವೆಂದು ಆಗ ಬಹುಮಂದಿ ಒಪ್ಪಿದ್ದರು. ಆದರೆ ರಾಜಧಾನಿಯಾದ ವಾಷಿಂಗ್ಟನ್ ಇರುವ ಕೊಲಂಬಿಯಾ ಜಿಲ್ಲೆಯು ಕಾಂಗ್ರೆಸ್ಸಿನ ನೇರ ಆಡಳಿತಕ್ಕೆ ಸೇರಿದ್ದಿತು. ಸ್ವಾತಂತ್ರ್ಯವನ್ನು ಕುರಿತು ಭಾಷಣಗಳು ನಡೆಯುವ ಊರಿನಲ್ಲಿಯೇ ಮನುಷ್ಯರನ್ನು ಮಾರುತ್ತಿದ್ದರು. ಈ ಒಂದು ಜಿಲ್ಲೆಯಲ್ಲಿಯಾದರೂ ದಾಸ್ಯವನ್ನು ತೆಗೆಯಬೇಕೆಂದು ಉತ್ತರದ ಊರುಗಳಿಂದ ಅರ್ಜಿಗಳು ಬರತೊಡಗಿದುವು. ಮತವನ್ನು ಕೊಡುವ ಹಕ್ಕಿಲ್ಲದ ಹೆಂಗಸರು ಮನೆಮನೆಗೆ ಹೋಗಿ ಸಹಿಗಳನ್ನು ಕೂಡಿಸಿದರು. ಅವರಿಗೆ ರಾಜ್ಯದ ವ್ಯವಹಾರದಲ್ಲಿ ತೆರೆದಿದ್ದ ಬಾಗಿಲು ಅರ್ಜಿಯೊಂದೇ.

ದಕ್ಷಿಣದ ಸದಸ್ಯರಿಗೆ ಇದು ಸಹಿಸಲಾರದ್ದಾಯಿತು. 1835ರ ಡಿಸೆಂಬರಿನಲ್ಲಿ ದಕ್ಷಿಣ ಕೆರೊಲಿನಾದ ಹ್ಯಾಮಂಡನು ಇಂಥ ಅರ್ಜಿಗಳನ್ನು ಸ್ವೀಕರಿಸಲೇಕೂಡದೆಂದನು. ಅದೇ ಸಂಸ್ಥಾನದ ಹೆನ್ರಿ ಪಿಂಕ್‌ನಿ ಎಂಬವನ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯಾಯಿತು. ಅದು ಶಿಫಾರಸುಮಾಡಿದ ಠರಾವನ್ನು 1836ರ ಮೇ 26ರಂದು ಪ್ರತಿನಿಧಿ ಸಭೆಯು 117ಕ್ಕೆ 68 ಮತಗಳಿಂದ ಅಂಗೀಕರಿಸಿತು. ಗುಲಾಮಗಿರಿಗೆ ಯಾವ ವಿಧದಿಂದಲಾದರೂ ಸಂಬಂಧಪಟ್ಟ ಎಲ್ಲ ಅರ್ಜಿಗಳನ್ನೂ ಅಚ್ಚುಹಾಕಿಸದೆ, ಯಾವ ಸಮಿತಿಗೂ ಒಪ್ಪಿಸದೆ, ಮೇಜಿನ ಮೇಲಿಡತಕ್ಕದ್ದು; ಮುಂದೆ ಅವುಗಳ ಮೇಲೆ ಯಾವ ಕ್ರಮವನ್ನೂ ಕೈಕೊಳ್ಳತಕ್ಕದ್ದಲ್ಲ, ಎಂಬುದು ಅದರ ಸಾರ. ಜೆಫರ್‌ಸನ್ನನ ಮೇಜಿನಿಂದ ಕಾಗದವನ್ನು ಯಾವಾಗಲಾದರೂ ಎತ್ತಿಕೊಳ್ಳಬಹುದಾಗಿತ್ತು. ಈ ಮೇಜಿನಿಂದ ಎತ್ತಿಕೊಳ್ಳಬಾರದೆಂದೇ ಕಟ್ಟಾಜ್ಞೆ. ವಿರೋಧಿಗಳು ಇದಕ್ಕೆ ಬಾಯಿಗೆ ಬಟ್ಟೆ ತುರುಕುವ ನಿಯಮವೆಂದು ಹೆಸರಿಟ್ಟರು. ಚರಿತ್ರೆಯಲ್ಲಿ ಆ ಹೆಸರೇ ಉಳಿದಿದೆ.

ತಮಾಷೆಯೆಂದರೆ, ಪಿಂಕ್‌ನಿಯನ್ನು ಅವನ ಸಂಸ್ಥಾನದ ಉಗ್ರರೇ ದ್ರೋಹಿಯೆಂದು ಬಯ್ದರು. ಮೇಜಿನ ಮೇಲಿಡಬೇಕಾದರೆ ಮೊದಲು ಸ್ವೀಕರಿಸಬೇಕಲ್ಲವೆ, ಸ್ವೀಕರಿಸಿದರೆ ಆ ವಿಷಯದಲ್ಲಿ ಕಾಂಗ್ರೆಸ್ಸಿಗೆ ಅಧಿಕಾರವಿದೆಯೆಂದು ಒಪ್ಪಿದಂತಾಗಲಿಲ್ಲವೆ, ಎಂದು ಅವರ ತರ್ಕ. ಸೆನೆಟ್ ಸಭೆಯು ಇದಕ್ಕೂ ಸೂಕ್ಷ್ಮವಾದ ಉಪಾಯವನ್ನು ಕಂಡುಹಿಡಿಯಿತು. ಅರ್ಜಿಯು ಬಂದರೆ ಸ್ವೀಕರಿಸಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಎತ್ತುವುದು. ಆ ಪ್ರಶ್ನೆಯನ್ನೇ ಮೇಜಿನ ಮೇಲಿಡುವುದು. ಅಲ್ಲಿಗೆ ಅರ್ಜಿಯು ಒಳಗೂ ಬರಲಿಲ್ಲ, ಹೊರಗೂ ಉಳಿಯಲಿಲ್ಲ. ನಮ್ಮ ತಾರ್ಕಿಕರ ತ್ರಿಶಂಕುವಿಗೆ ಇಷ್ಟು ಅಚ್ಚುಕಟ್ಟಾದ ಸ್ವರ್ಗವು ದೊರೆತಿರಲಿಲ್ಲ.

ಮೇ 26ರ ಆ ದಿನ ಮತಗಣನೆಗೆ ಹೆಸರನ್ನು ಕೂಗಿದಾಗ, ಹೌದು ಅಲ್ಲ ಎನ್ನದೆ, ಈ ಠರಾವು ರಾಜ್ಯಾಂಗಕ್ಕೂ ಸಭೆಯ ನಿಯಮಗಳಿಗೂ ತನ್ನ ಮತದಾರರ ಹಕ್ಕಿಗೂ ನೇರವಾಗಿ ವಿರುದ್ಧವೆಂದು ಕೂಗಿ ಹೇಳಿದವನು ಮ್ಯಾಸಚುಸೆಟ್ಸಿನ ಜಾನ್ ಕ್ವಿನ್ಸಿ ಆಡಮ್ಸ್. ಆಗ ಅವನಿಗೆ ಅರವತ್ತೆಂಟು ವರ್ಷ. ತಂದೆಯು ದೇಶದ ಎರಡನೆಯ ಅಧ್ಯಕ್ಷ, ತಾನು ಆರನೆಯವನು. 1829ರಲ್ಲಿ ಅಧಿಕಾರವನ್ನು ಬಿಟ್ಟಿಳಿದ ಮೇಲೆ ವಿಶ್ರಾಂತಿಯಿಂದ ಇರಬಹುದಾಗಿದ್ದವನು 1831ರಲ್ಲಿ ಸಾಮಾನ್ಯ ಸದಸ್ಯನಾಗಿ ಪ್ರತಿನಿಧಿ ಸಭೆಗೆ ಬಂದು ಕುಳಿತನು. ಇವನು ಮೊದಲಿನಿಂದ ದಾಸ್ಯವಿಮೋಚನೆಯ ಪಕ್ಷದವನಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಸಭೆಗೆ ಬಂದ ಮೊದಲ ಡಿಸೆಂಬರಿನಲ್ಲಿಯೇ ಪೆನ್ಸಿಲ್ವೇನಿಯಾದ ಜನರ ಹದಿನೈದು ಅರ್ಜಿಗಳನ್ನು ಒಪ್ಪಿಸಿ, ಕೊಲಂಬಿಯಾ ಜಿಲ್ಲೆಯ ವಿಷಯದಲ್ಲಿ ಅವರ ಪ್ರಾರ್ಥನೆಯನ್ನು ತಾನು ಬೆಂಬಲಿಸುವುದಿಲ್ಲವೆಂದೂ ಹೇಳಿದ್ದನು. ಕೋರಿಕೆಯನ್ನು ಒಪ್ಪದಿದ್ದರೂ ಕೋರುವವನ ಹಕ್ಕಿಗಾಗಿ ನಿಲ್ಲಬೇಕೆಂಬುದು ಅವನ ಹಠ. ಆ ಹಠವು ಅವನನ್ನು ವರ್ಷ ವರ್ಷಕ್ಕೂ ಕೋರಿಕೆಯ ಹತ್ತಿರಕ್ಕೆ ಎಳೆದುಕೊಂಡು ಹೋಯಿತು.

ನಿಯಮವನ್ನು ಮುರಿಯದೆ ನಿಯಮವನ್ನು ಹಾಸ್ಯಾಸ್ಪದ ಮಾಡುವುದು ಅವನ ಯುದ್ಧಕ್ರಮವಾಯಿತು. ಅರ್ಜಿಯನ್ನು ಕೈಯಲ್ಲಿ ಹಿಡಿದು, ಇದು ಆ ನಿಯಮಕ್ಕೆ ಒಳಪಡುವುದೋ ಇಲ್ಲವೋ ತಿಳಿಯದು, ಸ್ಪೀಕರರು ಅಪ್ಪಣೆಕೊಡಿಸಬೇಕೆಂದು ಕೇಳುವನು. ಕೇಳುವ ನೆಪದಲ್ಲಿ ಅದರಲ್ಲಿ ಏನಿದೆಯೆಂಬುದನ್ನು ಹೇಳಿಬಿಡುವನು. 1837ರ ಫೆಬ್ರವರಿ 6ರಂದು, ಇಪ್ಪತ್ತೆರಡು ಮಂದಿ ಗುಲಾಮರಿಂದ ಬಂದುದೆಂದು ಹೇಳುವ ಒಂದು ಕಾಗದವು ತನ್ನಲ್ಲಿದೆ, ಅದನ್ನು ಒಪ್ಪಿಸಬಹುದೇ ಎಂದು ಕೇಳಿದನು. ಸಭೆಯು ಕದಡಿದ ಜೇನುಗೂಡಾಯಿತು. ಇವನನ್ನು ಖಂಡಿಸಬೇಕೆಂದು ಠರಾವುಗಳ ಮೇಲೆ ಠರಾವುಗಳು ಬಂದುವು. ಎಲ್ಲರೂ ಕೂಗಾಡಿ ದಣಿದ ಮೇಲೆ ಆಡಮ್ಸನು, ಆ ಕಾಗದದಲ್ಲಿ ದಾಸ್ಯವನ್ನು ತೆಗೆಯಬೇಕೆಂದಿಲ್ಲ, ಅದಕ್ಕೆ ತದ್ವಿರುದ್ಧವಾದ ಪ್ರಾರ್ಥನೆಯಿದೆ ಎಂದು ತಿಳಿಸಿದನು. ನಗೆಪಾಟಲಾದ ಸಭೆಯು ತನ್ನ ಕೋಪವನ್ನು ಬೇರೆ ಕಡೆಗೆ ತಿರುಗಿಸಿ, ಅರ್ಜಿಯನ್ನು ಸಲ್ಲಿಸುವ ಹಕ್ಕು ಗುಲಾಮರಿಗೆ ಇಲ್ಲವೆಂದು ಠರಾವುಮಾಡಿ ಸಮಾಧಾನಪಟ್ಟುಕೊಂಡಿತು.

ಮೇಜಿನ ಮೇಲಿಟ್ಟರೆ ಸದ್ದಡಗುವುದೆಂದು ಭಾವಿಸಿದ್ದರಷ್ಟೆ. ಆದದ್ದು ಬೇರೆ. ಗುಲಾಮಗಿರಿಯ ವಿಷಯದಲ್ಲಿ ಉದಾಸೀನರಾಗಿದ್ದ ಉತ್ತರದ ಗೃಹಸ್ಥರಿಗೂ ತಮ್ಮ ಸಹಿಯನ್ನು ತಮ್ಮ ಸಭೆಯು ಓದುವುದಿಲ್ಲವೆಂಬುದು ಅಪಮಾನವೆಂದು ತೋರಿತು. 1837-38ರ ಅಧಿವೇಶನದಲ್ಲಿ ಕೊಲಂಬಿಯಾ ಜಿಲ್ಲೆಯ ವಿಷಯವೊಂದರಲ್ಲಿಯೇ 1,30,000ಕ್ಕೂ ಹೆಚ್ಚು ಅರ್ಜಿಗಳು ಬಂದುವು. ಕಾಗದಗಳನ್ನು ಒಂದಕ್ಕೊಂದು ಅಂಟಿಸಿ ಸುರುಳಿಸುತ್ತಿ ಕಳುಹಿಸುತ್ತಿದ್ದರು. ಮೇಜಿನ ಮೇಲಿಡಬೇಕೆಂಬ ಆಜ್ಞೆಯನ್ನು ಅಕ್ಷರಶಃ ನಡೆಸಬೇಕಾಗಿದ್ದರೆ ಯಾವ ಮೇಜೂ ತಡೆಯುತ್ತಿರಲಿಲ್ಲ. ನಿಯಮವು ಅಧಿವೇಶನದೊಂದಿಗೆ ಸಾಯುತ್ತಿದ್ದುದರಿಂದ ಅದನ್ನು ಮತ್ತೆ ಮತ್ತೆ ಹುಟ್ಟಿಸಬೇಕಾಯಿತು, ಹುಟ್ಟಿಸಿದಾಗಲೆಲ್ಲ ಜಗಳ. ಈ ತೊಂದರೆಯೇ ಬೇಡವೆಂದು 1840ರ ಜನವರಿಯಲ್ಲಿ ಅದನ್ನು ಸ್ಥಿರವಾದ ನಿಯಮವನ್ನಾಗಿ ಮಾಡಿದರು. ಈ ಬಾರಿ ಮೇಜಿನ ಮರ್ಯಾದೆಯೂ ಹೋಯಿತು. ಇಂಥ ಅರ್ಜಿಗಳನ್ನು ಸ್ವೀಕರಿಸಲೇಕೂಡದೆಂದು ಹೊಸ ನಿಯಮ. ಅದು 114ಕ್ಕೆ 108 ಮತಗಳಿಂದ ಗೆದ್ದಿತು. ನಾಲ್ಕು ವರ್ಷಗಳ ಹಿಂದೆ ಇದ್ದ ನಲವತ್ತೊಂಬತ್ತರ ಅಂತರವು ಆರಕ್ಕೆ ಇಳಿದುದನ್ನು ವಾಚಕರು ಗಮನಿಸಬೇಕು.

1842ರ ಜನವರಿ 24ರಂದು ಆಡಮ್ಸನು ಮ್ಯಾಸಚುಸೆಟ್ಸಿನ ಹೇವರಿಲ್ ಎಂಬ ಊರಿನ ನಲವತ್ತಾರು ಮಂದಿಯ ಅರ್ಜಿಯನ್ನು ತಂದನು. ದೇಶದ ಐಕ್ಯವನ್ನು ಶಾಂತವಾಗಿ ಮುರಿದು ಸಂಸ್ಥಾನಗಳನ್ನು ಬೇರ್ಪಡಿಸಬೇಕೆಂದು ಅದರಲ್ಲಿದ್ದಿತು. ಅದನ್ನು ಒಂದು ಸಮಿತಿಗೆ ಒಪ್ಪಿಸಿ, ಏಕೆ ಒಪ್ಪಬಾರದೆಂಬುದಕ್ಕೆ ಕಾರಣಗಳನ್ನು ಬರೆಯಿಸಬೇಕೆಂದು ಅವನ ಸೂಚನೆ. ಆದರೂ ಶತ್ರುಗಳಿಗೆ ಬೇಕಾಗಿದ್ದ ಸಮಯವು ಒದಗಿತು. ರಾಜದ್ರೋಹದ ಮಾತನ್ನು ಸಭೆಗೆ ತಂದವನನ್ನು ಖಂಡಿಸಬೇಕೆಂದು ಠರಾವು ಬಂದಿತು. ಎಪ್ಪತ್ತನಾಲ್ಕು ವರ್ಷದ ಮುದುಕನು ಎದ್ದುನಿಂತು, ಸ್ವಾತಂತ್ರ್ಯ ಘೋಷಣೆಯ ಆರಂಭದ ಭಾಗವನ್ನು ಗುಮಾಸ್ತನು ಓದಲಿ ಎಂದನು. ಆಪಾದನೆ ಬಂದಿದೆಯಷ್ಟೆ, ಇನ್ನು ಸಮಾಧಾನವನ್ನು ಹೇಳಲು ನನಗೆ ಹಕ್ಕಿದೆ ಎಂದು ದಿನ ದಿನವೂ ಮಾತನಾಡಿದನು. ಆರು ವರ್ಷಗಳಿಂದ ಯಾವ ಮಾತನ್ನು ಸಭೆಯಲ್ಲಿ ಆಡಕೂಡದೆಂದು ಕಟ್ಟಿದ್ದರೋ ಆ ಮಾತುಗಳೆಲ್ಲ ಆತ್ಮರಕ್ಷಣೆಯ ಹೆಸರಿನಲ್ಲಿ ಹೊರಬಿದ್ದುವು. ಎರಡು ವಾರಗಳು ಹೀಗೆ ಕಳೆದುವು. ಇನ್ನೂ ಬಹಳ ಹೇಳುವುದಿದೆ ಎಂದು ಅವನು ಎಚ್ಚರಿಸಿದ ಮೇಲೆ ಸಭೆಯು ಬೇಸತ್ತಿತು. ಫೆಬ್ರವರಿ 7ರಂದು ಖಂಡನೆಯ ಠರಾವನ್ನು 106ಕ್ಕೆ 93 ಮತಗಳಿಂದ ಮೇಜಿನ ಮೇಲಿಟ್ಟರು. ಅರ್ಜಿಗಳನ್ನು ಹೂಳುವುದಕ್ಕೆ ತೋಡಿದ ಗುಣಿಯಲ್ಲಿ ಖಂಡನೆಯನ್ನೇ ಹೂಳಬೇಕಾಯಿತು.

ಅಲ್ಲಿಂದ ಮುಂದಿನದು ಕಾಲದ ಪ್ರಶ್ನೆ. 1844ರ ಡಿಸೆಂಬರ್ 3ರಂದು ಆ ನಿಯಮವನ್ನು ರದ್ದುಮಾಡಬೇಕೆಂದು ಆಡಮ್ಸನು ಸೂಚಿಸಿದನು. ಆ ಸೂಚನೆಯನ್ನೂ ಮೇಜಿನ ಮೇಲಿಡಬೇಕೆಂದು ಮಿಸ್ಸಿಸ್ಸಿಪ್ಪಿಯ ಸದಸ್ಯನೊಬ್ಬನು ಕಡೆಯ ಪ್ರಯತ್ನವನ್ನು ಮಾಡಿ ಸೋತನು. ಬಳಿಕ ಸೂಚನೆಯು 108ಕ್ಕೆ 80 ಮತಗಳಿಂದ ಗೆದ್ದಿತು. ಆ ರಾತ್ರಿ ಅವನು ತನ್ನ ದಿನಚರಿಯಲ್ಲಿ ದೇವರನ್ನು ಸ್ಮರಿಸಿ ಬರೆದುಕೊಂಡಿದ್ದಾನೆ. 1848ರ ಫೆಬ್ರವರಿ 21ರಂದು ಸಭೆಯಲ್ಲಿ ತನ್ನ ಸ್ಥಾನದಲ್ಲಿಯೇ ಕುಸಿದುಬಿದ್ದು, 23ರಂದು ಅದೇ ಭವನದ ಸ್ಪೀಕರರ ಕೊಠಡಿಯಲ್ಲಿ ತೀರಿಕೊಂಡನು. ಕೊಲಂಬಿಯಾ ಜಿಲ್ಲೆಯಲ್ಲಿ ಗುಲಾಮಗಿರಿಯು ರದ್ದಾದದ್ದು 1862ರ ಏಪ್ರಿಲ್ 16ರಂದು. ದೇಶದಲ್ಲೆಲ್ಲ 1865ರಲ್ಲಿ, ಆರು ಲಕ್ಷಕ್ಕೂ ಹೆಚ್ಚು ಜನರು ಅಂತರ್ಯುದ್ಧದಲ್ಲಿ ಸತ್ತ ಮೇಲೆ. ಮೇಜಿನ ಮೇಲಿಟ್ಟಿದ್ದ ಆ ಅರ್ಜಿಗಳಲ್ಲಿ ಅನೇಕವು ವಾಷಿಂಗ್ಟನ್ನಿನ ರಾಷ್ಟ್ರೀಯ ದಫ್ತರಖಾನೆಯಲ್ಲಿ ಈಗಲೂ ಇವೆ. ಹೆಂಗಸರ ಸಹಿಗಳು ಒಂದು ಸಾಲಿನಲ್ಲಿ, ಗಂಡಸರವು ಇನ್ನೊಂದು ಸಾಲಿನಲ್ಲಿರುವ ಕಾಗದಗಳನ್ನು ಅವುಗಳಲ್ಲಿ ನೋಡಬಹುದು.

ಪದವು ಮಾತ್ರ ಆ ಎಂಟು ವರ್ಷಗಳಲ್ಲಿ ಪಡೆದ ಅರ್ಥವನ್ನು ಬಿಡಲಿಲ್ಲ. ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬ ಸೈನ್ಯದ ಇಂಜಿನಿಯರನು 1863ರಲ್ಲಿ ನ್ಯೂ ಬೆಡ್‌ಫರ್ಡ್ ಪಟ್ಟಣದ ಒಂದು ಸಭೆಗೆ ಅಧ್ಯಕ್ಷನಾಗಬೇಕಾಗಿ ಬಂದು, ಸಭೆಯನ್ನು ನಡೆಸುವ ಬಗೆಯನ್ನು ತಿಳಿಯದೆ ಬಹಳ ಪೇಚಿಗೆ ಸಿಕ್ಕಿದನು. ಆ ಪೇಚಿನ ಫಲವಾಗಿ ಅವನು ಬರೆದ ಸಭಾನಿಯಮಗಳ ಪುಸ್ತಕವು 1876ರಲ್ಲಿ ಅಚ್ಚಾಗಿ ಅಮೆರಿಕಾದ ಸಂಘಸಂಸ್ಥೆಗಳಿಗೆಲ್ಲ ಶಾಸ್ತ್ರವಾಯಿತು. ಅವನ ಪರಂಪರೆಯವರು ಮೇಜಿನ ಮೇಲಿಡುವುದೆಂದರೆ ತಾತ್ಕಾಲಿಕವಾಗಿ ಬದಿಗಿಡುವುದೇ ಹೊರತು ಕೊಲ್ಲುವುದಲ್ಲವೆಂದು ಇಂದಿಗೂ ಬೋಧಿಸುತ್ತಿದ್ದಾರೆ. ಕಾಂಗ್ರೆಸ್ಸು ಕೇಳಿಲ್ಲ. ಅಲ್ಲಿನ ಎರಡು ಸಭೆಗಳಲ್ಲಿಯೂ ಚರ್ಚೆಯಿಲ್ಲದೆ ಒಂದು ವಿಷಯವನ್ನು ಕಡೆಗಾಣಿಸುವುದಕ್ಕೆ ಇದೇ ಹತ್ತಿರದ ದಾರಿ.

ಈ ಎರಡು ಅರ್ಥಗಳು ಮುಖಾಮುಖಿಯಾದ ಪ್ರಸಂಗವೊಂದನ್ನು ಚರ್ಚಿಲ್ಲರು ತಮ್ಮ ಯುದ್ಧಚರಿತ್ರೆಯ 1950ರ ಸಂಪುಟದಲ್ಲಿ ಹೇಳಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕಾವು ಇಳಿದೊಡನೆಯೇ ಎರಡು ದೇಶಗಳ ಸೇನಾಧಿಕಾರಿಗಳು ಕೂಡಿ ಆಲೋಚಿಸುತ್ತಿದ್ದರು. ಇಂಗ್ಲಿಷರು ಅವಸರವಾಗಿ ವಿಚಾರಿಸಬೇಕಾಗಿದ್ದ ಒಂದು ಟಿಪ್ಪಣಿಯನ್ನು ಟೇಬಲ್ ಮಾಡಬೇಕೆಂದರು. ಅಷ್ಟು ಮುಖ್ಯವಾದುದನ್ನು ಖಾನೆಯೊಳಗೆ ಹಾಕಿ ಮರೆಯುವುದೇ ಎಂದು ಅಮೆರಿಕಾದವರು ಕೂಡದೆಂದರು. ಎರಡು ಪಕ್ಷದವರೂ ಬಯಸುತ್ತಿದ್ದುದು ಒಂದನ್ನೇ ಎಂಬುದು ತಿಳಿಯುವಷ್ಟರಲ್ಲಿ ವಾದವು ಬಹಳ ಬೆಳೆದು ಕಾವೇರಿತ್ತಂತೆ.

ನಮ್ಮ ಪಾರ್ಲಿಮೆಂಟು ಈ ವಿಷಯದಲ್ಲಿ ಲಂಡನ್ನಿನ ಸಂಪ್ರದಾಯದ್ದು. ಲೋಕಸಭೆಯ ಮೇಜಿನ ಮೇಲಿಟ್ಟ ಕಾಗದವೆಂದರೆ ಸಭೆಯ ಮುಂದೆ ಮಂಡಿಸಿದ ಕಾಗದವೇ. ಹಿಂದಿಯವರು ಅದನ್ನು 'ಸಭಾ ಪಟಲ' ಎನ್ನುತ್ತಾರೆ, ನಾವು ಮೇಜಿನ ಮಾತನ್ನೇ ಎತ್ತದೆ 'ಮಂಡಿಸಿದರು' ಎಂದು ಮುಗಿಸುತ್ತೇವೆ. ಆದರೆ ಇಲ್ಲಿ ತೊಡಕು ಬಂದದ್ದು ಮೇಜಿನ ಮೇಲೆ ಬಿದ್ದಿರುವ ಕಾಗದದಿಂದಲ್ಲ, ಮೇಜಿನವರೆಗೆ ಬಾರದ ಕಾಗದದಿಂದ. ಸರ್ಕಾರದ ಹಣದಿಂದ ನಡೆಯುವ ಸಂಸ್ಥೆಗಳು ತಮ್ಮ ವಾರ್ಷಿಕ ವರದಿಗಳನ್ನೂ ಪರಿಶೋಧಿಸಿದ ಲೆಕ್ಕಗಳನ್ನೂ ಸಭೆಯ ಮುಂದಿಡುವುದರಲ್ಲಿ ಮಾಡುತ್ತಿದ್ದ ವಿಳಂಬವನ್ನು ಪರೀಕ್ಷಿಸುವುದಕ್ಕಾಗಿ, ಮೇಜಿನ ಮೇಲಿಡುವ ಕಾಗದಪತ್ರಗಳ ಸಮಿತಿಯೆಂಬ ಹೆಸರಿನಿಂದಲೇ ಒಂದು ಸಮಿತಿಯು 1975ರಲ್ಲಿ ಲೋಕಸಭೆಯಲ್ಲಿ ಏರ್ಪಟ್ಟಿತು. ಲೆಕ್ಕದ ವರ್ಷವು ಮುಗಿದ ಒಂಬತ್ತು ತಿಂಗಳೊಳಗೆ ವರದಿಯು ಮೇಜನ್ನು ಮುಟ್ಟಬೇಕೆಂದು ಅದು ಹೇಳಿತು. ಹಾಗೆ ಮುಟ್ಟದಿದ್ದರೆ, ಏಕೆ ತಡವಾಯಿತೆಂಬುದಕ್ಕೆ ಕಾರಣಗಳನ್ನು ವಿವರಿಸುವ ಇನ್ನೊಂದು ಕಾಗದವನ್ನು ಬರೆದು, ಅದನ್ನೂ ಅದೇ ಮೇಜಿನ ಮೇಲೆ ಇಡಬೇಕು.